ನಾಲ್ಕು ಯಂತ್ರಗಳ ಒಂದು ಕಛೇರಿ

ಸಂಗೀತವನ್ನು ವಿಧಿವತ್ತಾಗಿ ಆಲಿಸಬೇಕೆಂಬ ಶ್ರದ್ಧೆಯುಳ್ಳವರು ಬೆಲೆಬಾಳುವ ಧ್ವನಿವರ್ಧಕಗಳನ್ನು ಕೊಂಡು, ಗೋಡೆಗೆ ಜಮಖಾನ ಹೊದಿಸಿ, ಮುದ್ರಿಕೆಯಲ್ಲಿರುವುದು ಎಳ್ಳಷ್ಟೂ ಕೆಡದೆ ಕಿವಿಗೆ ಮುಟ್ಟಲೆಂದು ಹೆಣಗುವುದುಂಟು. ಆದರೆ ಅಮೆರಿಕದ ಒಕ್ಲಹೋಮ ನಗರದ 'ದಿ ಫ್ಲೇಮಿಂಗ್ ಲಿಪ್ಸ್' ಎಂಬ ರಾಕ್ ತಂಡದವರು 1997ರಲ್ಲಿ ಹೊರತಂದ 'ಜೈರೀಕಾ'ದ ಮುಂದೆ ಆ ಶ್ರದ್ಧೆಯೆಲ್ಲ ನಿರರ್ಥಕ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಸಿ.ಡಿ.ಗಳು, ನಾಲ್ಕರಲ್ಲೂ ಅವೇ ಎಂಟು ಹಾಡುಗಳು, ಯಾವೊಂದರಲ್ಲೂ ಹಾಡು ಪೂರ್ಣವಾಗಿಲ್ಲ. ನಾಲ್ಕನ್ನೂ ನಾಲ್ಕು ಯಂತ್ರಗಳಲ್ಲಿ ಏಕಕಾಲಕ್ಕೆ ನುಡಿಸತಕ್ಕದ್ದು.

ನಾಲ್ಕು ಯಂತ್ರಗಳು ಯಾರ ಮನೆಯಲ್ಲಿದ್ದಾವು? ಆದಕಾರಣ ಗೆಳೆಯರನ್ನು ಕರೆಯಬೇಕು, ಅವರು ತಮ್ಮ ಹಳೆಯ ಪೆಟ್ಟಿಗೆಗಳನ್ನು ಕಂಕುಳಲ್ಲಿಟ್ಟು ತರಬೇಕು, ಒಬ್ಬ 'ಒಂದು, ಎರಡು, ಮೂರು' ಎಂದೊಡನೆ ನಾಲ್ವರೂ ಗುಂಡಿಯೊತ್ತಬೇಕು. ತಂಡದ ವೇಯ್ನ್ ಕೋಯ್ನ್ ಇದಕ್ಕೆ ಮೊದಲೇ ಕಾರು ನಿಲ್ದಾಣಗಳಲ್ಲಿ ಹತ್ತಾರು ಕಾರುಗಳನ್ನು ಕೂಡಿಸಿ, ಚಾಲಕರಿಗೆ ಒಂದೊಂದು ಕ್ಯಾಸೆಟ್ಟು ಹಂಚಿ, ಒಮ್ಮೆಗೇ ನುಡಿಸಿ ನೋಡಿದ್ದವನು. ಆ ಪ್ರಯೋಗವೇ ಇಲ್ಲಿ ಮನೆಯ ಪಡಸಾಲೆಗೆ ಬಂದಿತು.

ಗುಂಡಿಗಳನ್ನು ಎಷ್ಟೇ ನಿಖರವಾಗಿ ಒತ್ತಿದರೂ ಯಂತ್ರಗಳು ಜೊತೆಗೂಡಿ ಕೊನೆಮುಟ್ಟುವುದಿಲ್ಲ. ಸಿ.ಡಿ.ಯ ಧ್ವನಿಯು ಸೆಕೆಂಡಿಗೆ 44,100 ಅಂಕಿಗಳಾಗಿ ಹೊರಬರುವಂತೆ ಎಣಿಸುವ ಸ್ಫಟಿಕವೊಂದು ಪ್ರತಿಯೊಂದು ಯಂತ್ರದಲ್ಲೂ ಇರುತ್ತದಷ್ಟೆ. ಯಾವ ಎರಡು ಸ್ಫಟಿಕಗಳ ಮಿಡಿತವೂ ಸಂಪೂರ್ಣ ಸಮನಲ್ಲ. ಅಂತರವು ಲಕ್ಷಕ್ಕೆ ಹತ್ತು ಪಾಲಿನಷ್ಟಿದ್ದರೂ, ಐದು ನಿಮಿಷದ ಹಾಡು ಮುಗಿಯುವಾಗ ಒಂದು ಯಂತ್ರ ಇನ್ನೊಂದಕ್ಕಿಂತ ಸೆಕೆಂಡಿನ ನೂರರಲ್ಲಿ ಮೂರು ಪಾಲು ಹಿಂದುಳಿದಿರುತ್ತದೆ. ಎಂದರೆ ಆ ಪೆಟ್ಟಿಗೆಯನ್ನು ಯಾರೋ ಮೆಲ್ಲಮೆಲ್ಲಗೆ ಹತ್ತು ಮೀಟರು ದೂರಕ್ಕೆ ಸರಿಸಿದಂತೆ. ಮೊದಲಿಗೆ ಒಂದೇ ಏಟಾಗಿ ಕೇಳಿದ ಮದ್ದಳೆ ಬರಬರುತ್ತ ದಪ್ಪವಾಗಿ, ಕಡೆಗೆ ಎರಡಾಗಿ ಒಡೆಯುತ್ತದೆ. ರಚಿಸಿದವರು ಇದನ್ನು ಬಲ್ಲರು, ಬಲ್ಲದ್ದರಿಂದಲೇ ಹೀಗೆ ರಚಿಸಿದರು. ಅದೇ ಮುದ್ರಿಕೆ ಎರಡನೆಯ ಸಲ ಅದೇ ಸಂಗೀತವಾಗದು.

ಎಂಟು ಹಾಡುಗಳೂ ಈ ಪರಿಶ್ರಮಕ್ಕೆ ತಕ್ಕ ಫಲ ಕೊಡುತ್ತವೆಯೆಂದು ನಾನು ಹೇಳಲಾರೆ. ಕೆಲವೆಡೆ ಗದ್ದಲವೇ ಹೆಚ್ಚು. ಒಂದರಲ್ಲಂತೂ ಅತ್ಯುಚ್ಚ ಮತ್ತು ಅತಿನೀಚ ಸ್ವರಗಳಿದ್ದು, ಕೇಳುಗರಿಗೆ ದಿಗ್ಭ್ರಮೆಯಾದೀತೆಂಬ ಎಚ್ಚರಿಕೆಯೂ ಜೊತೆಗುಂಟು. ಸಣ್ಣ ಪೆಟ್ಟಿಗೆಗಳಿಗೆ ಆ ಮಂದ್ರ ದಕ್ಕುವುದೇ ಇಲ್ಲವಾಗಿ, ಅಗ್ಗದ ಸಾಮಗ್ರಿಯವರು ಅರ್ಧ ಅಪಾಯದಿಂದ ಪಾರು!

ಉಪಕರಣದ ದೋಷವು ಕೃತಿಗೆ ಬೀಜವಾದದ್ದು ಇದೇ ಮೊದಲಲ್ಲ. ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ 1975ರಲ್ಲಿ ಅಪಘಾತದಿಂದ ಹಾಸಿಗೆ ಹಿಡಿದಿದ್ದಾಗ, ಗೆಳತಿ ತಂದಿದ್ದ ಹಾರ್ಪ್ ವಾದನದ ಮುದ್ರಿಕೆಯೊಂದನ್ನು ಪ್ರಯಾಸದಿಂದ ಹಚ್ಚಿ ಮಲಗಿದ. ಧ್ವನಿ ತೀರ ತಗ್ಗಿತ್ತು, ಒಂದು ಪಕ್ಕದ ಧ್ವನಿವರ್ಧಕ ನುಡಿಯುತ್ತಲೇ ಇರಲಿಲ್ಲ, ಎದ್ದು ಸರಿಪಡಿಸುವ ಕಸುವೂ ಇರಲಿಲ್ಲ. ಮಳೆಯ ಸದ್ದಿನಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ತೇಲುತ್ತಿದ್ದುದನ್ನು ಆಲಿಸುತ್ತಿದ್ದವನಿಗೆ ಹೊಸದೊಂದು ಶ್ರವಣಕ್ರಮ ಹೊಳೆಯಿತು. ಅದೇ ವರ್ಷ ಬಂದ ತನ್ನ 'ಡಿಸ್ಕ್ರೀಟ್ ಮ್ಯೂಸಿಕ್' ಮುದ್ರಿಕೆಯ ಹೊದಿಕೆಯಲ್ಲಿ, ಇದನ್ನು ಆಗಾಗ ಕೇಳಿಸದೆ ಹೋಗುವಷ್ಟು ಮೆಲ್ಲಗೆ ನುಡಿಸಿರೆಂದು ಆತ ಸೂಚಿಸಿದ.

ಈಗ ನಾಲ್ಕು ಮೊಬೈಲುಗಳಿಂದಲೂ 'ಜೈರೀಕಾ'ವನ್ನು ಕೇಳಬಹುದು. ಬ್ಲೂಟೂತ್ ಪೆಟ್ಟಿಗೆಯೊಂದು ಸೇರಿದರೆ ತಡವರಿಕೆಗೆ ಕೊರತೆಯೇನೂ ಇಲ್ಲ. ನಾಲ್ಕನ್ನೂ ಬೆರೆಸಿ ಒಂದಾಗಿಸಿದ ಪ್ರತಿಯಿಂದ ಕೆಲಸ ಹಗುರವಾದೀತು, ಸರಿ. ಆದರೆ ಯಂತ್ರಗಳನ್ನು ನಾಲ್ಕು ಮೂಲೆಗಳಲ್ಲಿಟ್ಟಾಗ ಶ್ರೋತೃವು ಎದ್ದು ಒಂದರ ಬಳಿಗೆ ನಡೆದು ಅದರ ಪಾಲನ್ನು ಹೆಚ್ಚಿಸಿಕೊಳ್ಳಬಲ್ಲನು, ಬೇಡವೆನಿಸಿದರೆ ಬೆನ್ನು ತಿರುಗಿಸಬಲ್ಲನು. ಬೆರೆಸಿದ ಪ್ರತಿಯಲ್ಲಿ ಆ ಸ್ವಾತಂತ್ರ್ಯವಿಲ್ಲ.