ಸೂತ್ರ ಮರೆತರೆ ಏಕಮಾನವನ್ನು ಕೇಳಿ!

ಮಕ್ಕಳೇ, ಪರೀಕ್ಷೆ ಹತ್ತಿರ ಬರುತ್ತಿದೆ. ವಿಜ್ಞಾನದ ಸೂತ್ರಗಳನ್ನು ಉರು ಹೊಡೆಯುತ್ತಿದ್ದೀರಲ್ಲವೇ? ಮನೆಯಲ್ಲಿ ಎಲ್ಲವೂ ಬಾಯಿಗೆ ಬರುತ್ತವೆ. ಪ್ರಶ್ನೆಪತ್ರಿಕೆ ಕೈಗೆ ಸಿಕ್ಕೊಡನೆ ಅನುಮಾನ ಶುರುವಾಗುತ್ತದೆ. ಜವ ಕಂಡುಹಿಡಿಯಲು ದೂರವನ್ನು ಕಾಲದಿಂದ ಭಾಗಿಸಬೇಕೋ, ಕಾಲವನ್ನು ದೂರದಿಂದ ಭಾಗಿಸಬೇಕೋ?

ಹೆದರಬೇಡಿ. ಉತ್ತರ ಏಕಮಾನದಲ್ಲೇ ಅಡಗಿದೆ. ಬಸ್ಸಿನ ಜವವನ್ನು ಹೇಗೆ ಹೇಳುತ್ತೇವೆ? 'ಗಂಟೆಗೆ 40 ಕಿಲೋಮೀಟರ್' ಎಂದು. ಬರೆಯುವಾಗ 40 ಕಿ.ಮೀ./ಗಂಟೆ. ಗೆರೆಯ ಮೊದಲು ಇರುವುದು ದೂರ, ನಂತರ ಇರುವುದು ಕಾಲ. ಆದ್ದರಿಂದ,

ಜವ = ದೂರ ÷ ಕಾಲ

ಸಾಂದ್ರತೆಯ ಏಕಮಾನ ಗ್ರಾಂ/ಘನ ಸೆಂ.ಮೀ. ಗ್ರಾಂ ಎಂಬುದು ರಾಶಿ, ಘನ ಸೆಂ.ಮೀ. ಎಂಬುದು ಗಾತ್ರ. ಹಾಗಾದರೆ,

ಸಾಂದ್ರತೆ = ರಾಶಿ ÷ ಗಾತ್ರ

ಒತ್ತಡದ ಏಕಮಾನ ನ್ಯೂಟನ್/ಚದರ ಮೀಟರ್. ಇದಕ್ಕೆ ಪ್ಯಾಸ್ಕಲ್ ಎಂಬ ಹೆಸರೂ ಇದೆ.

ಒತ್ತಡ = ಬಲ ÷ ವಿಸ್ತೀರ್ಣ

ವಿಸ್ತೀರ್ಣ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. ಈಳಿಗೆಮಣೆಯ ಅಲಗು ತೆಳುವಾಗಿರುವುದು ಇದಕ್ಕಾಗಿಯೇ. ಮೊಂಡಾದ ಅಲಗಿನಲ್ಲಿ ತರಕಾರಿ ಹೆಚ್ಚಲು ಅಮ್ಮ ಎಷ್ಟು ಕಷ್ಟಪಡುತ್ತಾರೆ, ಗಮನಿಸಿದ್ದೀರಾ?

ಆದರೆ ಒಂದು ಎಚ್ಚರಿಕೆ. ಏಕಮಾನ ಎಲ್ಲವನ್ನೂ ಹೇಳುವುದಿಲ್ಲ. ತ್ರಿಭುಜದ ವಿಸ್ತೀರ್ಣದ ಸೂತ್ರದಲ್ಲಿ ½ ಇದೆ. 'ಚದರ ಸೆಂ.ಮೀ.' ನೋಡಿ ಆ ½ ಅನ್ನು ಊಹಿಸಲಾಗದು. ಅಂಥ ಸಂಖ್ಯೆಗಳನ್ನು ನೆನಪಿಡಲೇಬೇಕು.

ಎಲ್ಲಿ ತಪ್ಪುತ್ತೇವೆ?

ಈ ಲೆಕ್ಕ ನೋಡಿ: ಒಬ್ಬಳು ಹುಡುಗಿ ಸೈಕಲ್‌ನಲ್ಲಿ 12 ಕಿ.ಮೀ. ದೂರವನ್ನು 45 ನಿಮಿಷದಲ್ಲಿ ಕ್ರಮಿಸಿದಳು. ಗಂಟೆಗೆ ಎಷ್ಟು ಕಿ.ಮೀ. ಜವ?

ಆತುರದಲ್ಲಿ 12 ÷ 45 ಮಾಡಿದರೆ ಸುಮಾರು 0.27 ಬರುತ್ತದೆ. ಗಂಟೆಗೆ ಕಾಲು ಕಿಲೋಮೀಟರ್! ಇರುವೆಯ ಜೊತೆ ಪಂದ್ಯ ಕಟ್ಟಿದಂತಾಯಿತು. ಸೂತ್ರ ಸರಿ, ಏಕಮಾನ ತಪ್ಪು. 45 ನಿಮಿಷ ಎಂದರೆ 0.75 ಗಂಟೆ. 12 ÷ 0.75 = 16. ಆದ್ದರಿಂದ ಜವ 16 ಕಿ.ಮೀ./ಗಂಟೆ. ಸೈಕಲ್ಲಿಗೆ ಇದು ಒಪ್ಪುವ ಉತ್ತರ.

ಕಳೆದುಹೋದ ನೌಕೆ

'ಏಕಮಾನ ಬರೆಯದಿದ್ದರೆ ಅರ್ಧ ಅಂಕ ಹೋಗಬಹುದು, ಅಷ್ಟೇ ತಾನೆ?' ಎನ್ನುತ್ತೀರಾ? ಹಾಗಾದರೆ ಈ ಕಥೆ ಕೇಳಿ.

1998ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹದತ್ತ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಎಂಬ ನೌಕೆಯನ್ನು ಹಾರಿಸಿತು. ನೌಕೆಯ ಚಿಕ್ಕ ರಾಕೆಟ್‌ಗಳ ತಳ್ಳುವಿಕೆಯ ಲೆಕ್ಕವನ್ನು ಒಂದು ತಂಡ ಪೌಂಡ್ ಬಲದಲ್ಲಿ ಕೊಟ್ಟಿತು. ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದೇ ತಿಳಿಯಿತು. ಒಂದು ಪೌಂಡ್ ಬಲ ಎಂದರೆ ಸುಮಾರು 4.45 ನ್ಯೂಟನ್! ತಪ್ಪು ದಿನದಿನವೂ ಸೇರುತ್ತಾ ಹೋಯಿತು. 1999ರ ಸೆಪ್ಟೆಂಬರ್ 23ರಂದು, ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ ಸುಮಾರು 57 ಕಿ.ಮೀ. ಎತ್ತರಕ್ಕೇ ಇಳಿದು ಮಂಗಳದ ವಾತಾವರಣಕ್ಕೆ ಸಿಲುಕಿತು. ಮತ್ತೆಂದೂ ಅದರಿಂದ ಸಂಕೇತ ಬರಲಿಲ್ಲ. ಲೆಕ್ಕ ಮಾಡಿದವರು ದಡ್ಡರಲ್ಲ. ಏಕಮಾನವನ್ನು ಪರೀಕ್ಷಿಸಲಿಲ್ಲ, ಅಷ್ಟೇ.

ಪರೀಕ್ಷೆಯಲ್ಲಿ ಹೀಗೆ ಮಾಡಿ

1. ಕೊಟ್ಟಿರುವ ಅಳತೆಗಳನ್ನು ಏಕಮಾನದೊಂದಿಗೆ ಬರೆದುಕೊಳ್ಳಿ.
2. ಉತ್ತರ ಯಾವ ಏಕಮಾನದಲ್ಲಿ ಬೇಕೆಂದು ನೋಡಿ, ಮೊದಲೇ ಪರಿವರ್ತಿಸಿ.
3. ಸೂತ್ರ ಬರೆದು ಬೆಲೆಗಳನ್ನು ಆದೇಶಿಸಿ.
4. ಉತ್ತರ ನಂಬುವಂತಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ನೀವೇ ಬಿಡಿಸಿ

ಅ) ಒಬ್ಬ ಹುಡುಗ 600 ಮೀಟರ್ ದೂರದ ಶಾಲೆಗೆ 10 ನಿಮಿಷದಲ್ಲಿ ನಡೆದ. ಸೆಕೆಂಡಿಗೆ ಎಷ್ಟು ಮೀಟರ್ ಜವ?

ಆ) ಅಳತೆ ಜಾಡಿಯಲ್ಲಿ 200 ಮಿ.ಲೀ. ನೀರಿದೆ. 162 ಗ್ರಾಂ ರಾಶಿಯ ಕಲ್ಲನ್ನು ಮುಳುಗಿಸಿದಾಗ ನೀರು 260 ಮಿ.ಲೀ.ಗೆ ಏರಿತು. ಕಲ್ಲಿನ ಸಾಂದ್ರತೆ ಎಷ್ಟು? (1 ಮಿ.ಲೀ. = 1 ಘನ ಸೆಂ.ಮೀ.)

ಇ) 200 ನ್ಯೂಟನ್ ತೂಕದ ಪೆಟ್ಟಿಗೆಯ ತಳದ ವಿಸ್ತೀರ್ಣ 0.5 ಚದರ ಮೀಟರ್. ಅದು ನೆಲದ ಮೇಲೆ ಉಂಟುಮಾಡುವ ಒತ್ತಡ ಎಷ್ಟು?

ಉತ್ತರಗಳು: ಅ) 1 ಮೀ./ಸೆ. ಆ) 2.7 ಗ್ರಾಂ/ಘನ ಸೆಂ.ಮೀ. ಇ) 400 ಪ್ಯಾಸ್ಕಲ್. ಬರೀ 1, 2.7, 400 ಎಂದು ಬರೆದಿದ್ದರೆ, ಆ ನೌಕೆಯನ್ನು ನೆನಪಿಸಿಕೊಳ್ಳಿ!