ಅವಧಿಪೂರ್ವ ಶಿಶುವಿಗೆ ಎರಡು ವಯಸ್ಸು: ಮೆದುಳಿನ ಬೆಳವಣಿಗೆಯನ್ನು ಗಮನಿಸುವ ಕ್ರಮ

ಗರ್ಭಾವಧಿಯ 37 ವಾರ ತುಂಬುವ ಮೊದಲೇ ಜನಿಸಿದ ಮಗುವನ್ನು ಅವಧಿಪೂರ್ವ ಶಿಶು ಎನ್ನಲಾಗುತ್ತದೆ. ಗರ್ಭದ ಕೊನೆಯ ವಾರಗಳಲ್ಲಿ ಮೆದುಳು ಅತಿ ವೇಗವಾಗಿ ಬೆಳೆಯುತ್ತದೆ. 35ನೇ ವಾರದಲ್ಲಿ ಅದರ ತೂಕ, ದಿನ ತುಂಬಿದ ಶಿಶುವಿನ ಮೆದುಳಿನ ತೂಕದ ಸುಮಾರು ಮೂರನೇ ಎರಡು ಭಾಗದಷ್ಟು ಮಾತ್ರ ಇರುತ್ತದೆ. ಉಳಿದ ಬೆಳವಣಿಗೆ ಜನನಾನಂತರವೇ ಆಗಬೇಕಾಗುತ್ತದೆ.

ಇಂತಹ ಮಗುವಿನ ಬೆಳವಣಿಗೆಯನ್ನು ಅಳೆಯುವಾಗ ಹೆರಿಗೆಯ ನಿರೀಕ್ಷಿತ ದಿನಾಂಕದಿಂದ ವಯಸ್ಸನ್ನು ಎಣಿಸಬೇಕು. ಇದಕ್ಕೆ ‘ಸರಿಪಡಿಸಿದ ವಯಸ್ಸು’ ಎಂದು ಹೆಸರು. ಉದಾಹರಣೆಗೆ, ಅಕ್ಟೋಬರ್ 1ರಂದು ಜನಿಸಬೇಕಿದ್ದ ಮಗು 8 ವಾರ ಮೊದಲೇ, ಆಗಸ್ಟ್ 6ರಂದು ಜನಿಸಿತೆಂದು ಭಾವಿಸೋಣ. ಫೆಬ್ರವರಿ 6ಕ್ಕೆ ಅದಕ್ಕೆ 6 ತಿಂಗಳು ತುಂಬಿದರೂ ಸರಿಪಡಿಸಿದ ವಯಸ್ಸು 4 ತಿಂಗಳು ಮಾತ್ರ. 2 ವರ್ಷದವರೆಗೆ ಈ ಲೆಕ್ಕವನ್ನೇ ಅನುಸರಿಸಬೇಕು.

ಈ ಲೆಕ್ಕದಿಂದ ಅನಗತ್ಯ ಆತಂಕ ತಪ್ಪುತ್ತದೆ. ಆದರೆ ‘ದಿನ ತುಂಬದ ಕೂಸು, ತಾನಾಗಿಯೇ ಸರಿಹೋಗುತ್ತದೆ’ ಎಂದು ಕಾಯುತ್ತ ಕೂರಲು ಇದು ನೆಪವಾಗಬಾರದು. ಸರಿಪಡಿಸಿದ ವಯಸ್ಸಿನ 2 ತಿಂಗಳಾದರೂ ತಾಯಿಯ ಮುಖವನ್ನು ದಿಟ್ಟಿಸದಿದ್ದರೆ, 4 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಕೈಕಾಲುಗಳು ಸದಾ ಬಿಗಿಯಾಗಿ ಅಥವಾ ಸಡಿಲವಾಗಿ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಮತ್ತು ಮುಂದಿನ ಚಿಕಿತ್ಸೆ ಉಚಿತವಾಗಿರುತ್ತದೆ.

ಕಣ್ಣಿನ ಪರೀಕ್ಷೆ ಮತ್ತು ಲಸಿಕೆಗಳಿಗೆ ಮಾತ್ರ ಜನ್ಮದಿನಾಂಕವೇ ಆಧಾರ. 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಜನಿಸಿದ ಶಿಶುವಿನ ಅಕ್ಷಿಪಟಲದ ಪರೀಕ್ಷೆ 30 ದಿನಗಳೊಳಗೆ ನಡೆಯಬೇಕು; ಅತಿ ಸಣ್ಣ ಶಿಶುಗಳಿಗೆ 2–3 ವಾರಗಳಲ್ಲೇ ನಡೆಯಬೇಕು. ಈ ಅವಧಿ ಮೀರಿದರೆ ತಡೆಯಬಹುದಾಗಿದ್ದ ಅಂಧತ್ವವೂ ಶಾಶ್ವತವಾಗಬಹುದು. ಶ್ರವಣ ಪರೀಕ್ಷೆಯನ್ನೂ ತಪ್ಪಿಸಬಾರದು. ಕಾಣದ, ಕೇಳದ ಮಗುವಿನ ಮೆದುಳಿಗೆ ಕಲಿಕೆಯ ದಾರಿಗಳೇ ಕಿರಿದಾಗುತ್ತವೆ.

ಮನೆಯಲ್ಲಿ ಮಾಡಬೇಕಾದ ಆರೈಕೆಗೆ ಖರ್ಚಿಲ್ಲ. ಮಗುವನ್ನು ಬರಿ ಎದೆಗೆ ಒತ್ತಿಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ದಿನಕ್ಕೆ 8ರಿಂದ 24 ಗಂಟೆ ನೀಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಇದನ್ನು ಮಾಡಬಹುದು. ಎದೆಹಾಲು, ಮುಖ ನೋಡಿ ಆಡುವ ಮಾತು, ಜೋಗುಳ, ನೆಮ್ಮದಿಯ ನಿದ್ರೆ ಇವೆಲ್ಲವೂ ಮೆದುಳಿಗೆ ಪೋಷಣೆಯೇ.

ಆಳಂದ ತಾಲ್ಲೂಕಿನ ನರೋಣಾ ಭಾಗದಿಂದ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಊರು ಬಿಟ್ಟಾಗ ತಪಾಸಣೆಯ ಸರಣಿ ಕಡಿದುಹೋಗುವ ಸಂಭವ ಹೆಚ್ಚು. ಆದ್ದರಿಂದ ಹೊರಡುವ ಮೊದಲು ಆಶಾ ಕಾರ್ಯಕರ್ತೆಯರಿಗೆ ತಿಳಿಸಿ, ತಾಯಿ ಕಾರ್ಡಿನಲ್ಲಿ ನಿರೀಕ್ಷಿತ ದಿನಾಂಕ, ಜನ್ಮದಿನಾಂಕ, ಜನನದ ತೂಕ ಹಾಗೂ ಮುಂದಿನ ತಪಾಸಣೆಯ ದಿನವನ್ನು ಬರೆಯಿಸಿಕೊಳ್ಳತಕ್ಕದ್ದು. ಆ ಕಾರ್ಡು ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರ ಜೊತೆಗಿದ್ದರೆ, ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಮಗುವಿನ ತಪಾಸಣೆಯನ್ನು ಮುಂದುವರಿಸಲು ಅನುಕೂಲವಾಗುತ್ತದೆ.