ನಿಮಗಿದು ಗೊತ್ತೇ? ಜರ್ಮನ್ ಹಾಡು, ಮೈಸೂರು ನಂಟು

ಕಂಪಲಾಪುರದಿಂದ ಹುಣಸೂರಿನ ಕಡೆ ಬಸ್ಸು ಹತ್ತಿದರೆ ಮೈಸೂರು, ಪಿರಿಯಾಪಟ್ಟಣದ ಕಡೆ ಹತ್ತಿದರೆ ಕೊಡಗು. ಈ ರಸ್ತೆಯ ಎರಡೂ ತುದಿಗೆ ಜರ್ಮನ್ ಹಾಡುಗಳ ನಂಟಿದೆ!

● ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್ ಎಂಬತ್ತು ದಾಟಿದ ಮೇಲೆ, 1948ರಲ್ಲಿ ರಚಿಸಿದ 'ಕೊನೆಯ ನಾಲ್ಕು ಹಾಡುಗಳು' ಜಗತ್ಪ್ರಸಿದ್ಧ. ಅವನ್ನು ಸಭೆಯಲ್ಲಿ ಮೊದಲ ಬಾರಿ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಚೇರಿ ನಡೆಯಲೆಂದು 4,800 ಡಾಲರ್‌ಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರ್!

● ಹಾಡಿದವರು ಜರ್ಮನಿಯವರಲ್ಲ, ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಅವರೇ ಹಾಡಬೇಕೆಂದು ಸ್ಟ್ರೌಸ್ ಬಯಸಿದ್ದರು. ಕೇಳಲು ಮಾತ್ರ ಸ್ಟ್ರೌಸ್ ಉಳಿದಿರಲಿಲ್ಲ. 1949ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

● ಆಗ ಮೈಸೂರು ರಾಜ್ಯದ ರಾಜಪ್ರಮುಖರಾಗಿದ್ದ ಒಡೆಯರಿಗೂ ಲಂಡನ್ನಿಗೆ ಹೋಗಲಾಗಲಿಲ್ಲ. ಕಚೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೇ ಕಳಿಸಿಕೊಟ್ಟರು. ಒಡೆಯರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಗ್ರಾಮಫೋನ್ ಪ್ಲೇಟುಗಳಿದ್ದವಂತೆ!

● ರಷ್ಯಾದ ಸಂಗೀತಕಾರ ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅರ್ಪಿಸಿದ್ದೂ ಒಡೆಯರಿಗೇ. ಇದೇ ದೊರೆ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದರು.

● ಆ ನಾಲ್ಕು ಹಾಡುಗಳಲ್ಲಿ ಮೂರು ಹರ್ಮನ್ ಹೆಸ್ಸೆಯ ಕವಿತೆಗಳು. ಹೆಸ್ಸೆಯ ತಾಯಿ ಮಾರೀ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ! ತಾಯಿಯ ತಂದೆ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟು ಕಟ್ಟಿದ ಬಾಸೆಲ್ ಮಿಷನ್ ಪಾದ್ರಿ.

● ಆ ಗುಂಡರ್ಟ್ ಗೆಳೆಯ ಯಾರು ಗೊತ್ತೇ? 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್! ಮೋಗ್ಲಿಂಗರ ಜೀವನಚರಿತ್ರೆಯನ್ನು 1882ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದವರೂ ಗುಂಡರ್ಟ್ ಅವರೇ.

● ಮೋಗ್ಲಿಂಗ್ 1850ರ ದಶಕದಲ್ಲಿ ನಮ್ಮ ರಸ್ತೆಯ ಇನ್ನೊಂದು ತುದಿಯಾದ ಕೊಡಗಿನಲ್ಲಿ ನೆಲೆಸಿದ್ದರು. ಕೊಡಗಿನ ಬಗ್ಗೆ 1855ರಲ್ಲಿ ಪುಸ್ತಕ ಬರೆದರು.

● ದಾಸರ ಪದಗಳನ್ನು ಕಲೆಹಾಕಿ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಮೋಗ್ಲಿಂಗರೇ. ಬಾಯಿಂದ ಬಾಯಿಗೆ, ತಾಳೆಗರಿಯಿಂದ ತಾಳೆಗರಿಗೆ ಬಂದಿದ್ದ ಪದಗಳು ಅಚ್ಚಿನ ಪುಸ್ತಕವಾಗಿ ಕೈಗೆ ಸಿಕ್ಕವು. ಜರ್ಮನಿಗೆ ಮರಳಿದ ಮೇಲೂ ಅವರು ಆ ಪದಗಳನ್ನು ಬಿಡಲಿಲ್ಲ. ಹಲವನ್ನು ಜರ್ಮನ್‌ಗೆ ಅನುವಾದಿಸಿ, 1860ರ ಸುಮಾರಿಗೆ ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ 'ಕನ್ನಡ ಹಾಡುಗಾರರ ಗೀತೆಗಳು' ಎಂಬ ತಲೆಬರಹದಲ್ಲಿ ಪ್ರಕಟಿಸಿದರು. ಜರ್ಮನ್ ಬಲ್ಲ ನಮ್ಮ ಗಾಯಕರು ಯಾರಾದರೂ ಅವಕ್ಕೆ ರಾಗ ಹಾಕಿ ತಮ್ಮ ಮೊದಲ ಆಲ್ಬಂ ಮಾಡಿದರೆ ಎಷ್ಟು ಚೆನ್ನ!